ಶನಿವಾರದ ಸಿಪಾಯಿಗಳು

ವಾರವಿಡೀ ಕೋಡ್ ಬರೆಯುವ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ತಂಡಗಳು ಶನಿವಾರ ಹೆಲ್ಮೆಟ್ ತೊಟ್ಟು ಪೇಂಟ್‌ಬಾಲ್ ಕಣಕ್ಕಿಳಿಯುತ್ತವೆ. ಗನ್ನಿನಿಂದ ಹಾರುವುದು ಸುಮಾರು 17 ಮಿಲಿಮೀಟರ್ ಗಾತ್ರದ, ಬಣ್ಣ ತುಂಬಿದ ಜೆಲಟಿನ್ ಗುಂಡು. ತಗುಲಿ ಒಡೆದರೆ ಅಂಗಿಗೆ ಬಣ್ಣ, ಮೈಗೆ ಚುರುಕು. ಬಣ್ಣ ಮೆತ್ತಿದವನು ಔಟ್, ಮ್ಯಾನೇಜರೇ ಆದರೂ! ಮುಖಕವಚವನ್ನು ಮಾತ್ರ ಕಣದಲ್ಲಿ ತೆಗೆಯುವಂತಿಲ್ಲ.

ಈ ಆಟ ಹುಟ್ಟಿದ್ದು ಹೀಗೆ: ಮರಗಳಿಗೆ ಬಣ್ಣದ ಗುರುತು ಹಾಕಲು ಬಳಸುತ್ತಿದ್ದ ಗನ್ನು 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 12 ಮಂದಿಯ ಆಟಿಕೆಯಾಯಿತು.

ಯುದ್ಧವನ್ನು ಆಟವಾಗಿಸಲು ಇನ್ನೊಂದು ದಾರಿಯೂ ಇದೆ. ಇಂಗ್ಲೆಂಡಿನ ಸೀಲ್ಡ್ ನಾಟ್ ಸಂಘವಾದರೋ 1968ರಿಂದ 17ನೇ ಶತಮಾನದ ಅಂತರ್ಯುದ್ಧವನ್ನು ಅಂದಿನ ಉಡುಪಿನಲ್ಲೇ ಮರುನಟಿಸುತ್ತಿದೆ. ಹಾಗೆ ಮರುನಟಿಸಬಹುದಾದ ಕಥೆಗೆ ನಮ್ಮಲ್ಲೂ ಬರವಿಲ್ಲ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೇನೆ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿಯಿತು. ಟಿಪ್ಪು ಸುಲ್ತಾನನ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಕೋಟೆಯ ಉಳಿದ ಭಾಗ ಕೆ.ಆರ್. ಮಾರುಕಟ್ಟೆಯ ಸಮೀಪದಲ್ಲೇ ಇದೆ. ಪೇಂಟ್‌ಬಾಲ್ ಆಡುವವರು ಒಂದು ಭಾನುವಾರ ಅದನ್ನೂ ನೋಡಿಬರಲಿ.