ದಾಳಿಗೆ ಬಂದವರು ಬರೆದ ಬೆಂಗಳೂರು

ಕೃಷ್ಣರಾಜ ಮಾರುಕಟ್ಟೆಯ ಎದುರಿಗೇ ಇರುವ ಕೋಟೆಯ ದೆಹಲಿ ಬಾಗಿಲಲ್ಲಿ ನಿಂತು ಹಳೆಯ ನಕ್ಷೆಯೊಂದರ ಪ್ರತಿಯನ್ನು ಬಿಚ್ಚಿದೆ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಲಂಡನ್ನಿನಲ್ಲಿ ಹೊರತಂದ ಮೈಸೂರು ಸೀಮೆಯ ಚಿತ್ರಸಂಪುಟದ ನಕ್ಷೆ ಅದು. ದಕ್ಷಿಣಕ್ಕೆ ಮೊಟ್ಟೆಯಾಕಾರದ ಕೋಟೆ, ಉತ್ತರಕ್ಕೆ ಅದಕ್ಕಿಂತ ಎಷ್ಟೋ ದೊಡ್ಡದಾದ ಪೇಟೆ. ಕೋಟೆಯಲ್ಲಿ ಇಂದು ಉಳಿದಿರುವಷ್ಟನ್ನು ನಕ್ಷೆಯ ಮೇಲೆ ಬೆರಳ ತುದಿಯಿಂದ ಮುಚ್ಚಬಹುದು.

ಟಿಪ್ಪುವಿನ ವಿರುದ್ಧದ ಆ ದಾಳಿಯಲ್ಲಿ 1791ರ ಮಾರ್ಚ್ 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. ನಮ್ಮ ಊರಿನ ಇಷ್ಟು ಅಚ್ಚುಕಟ್ಟಾದ ಚಿತ್ರ ಹುಟ್ಟಿದ್ದು ಅದನ್ನು ಒಡೆಯಲು ಬಂದವರ ಕೈಯಲ್ಲಿ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇಂಥ ನಕ್ಷೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದರು. ಮೂಲಪ್ರತಿ ಸಿಕ್ಕರೆ ಅಂಚಿನ ಮೇಲೆ ಬೆರಳಾಡಿಸಿ ನೋಡಿ: ತಗಡು ಒತ್ತಿದ ತಗ್ಗು ಕೈಗೆ ತಾಗುತ್ತದೆ. ಪುಸ್ತಕದೊಳಗೆ ಮಡಚಿಟ್ಟಿದ್ದ ಗೆರೆಗಳೂ ಕಾಣುತ್ತವೆ. ಇಂಥ ಹಾಳೆಗಳನ್ನು ಪುಸ್ತಕದಿಂದ ಬಿಡಿಸಿ, ಕೆಲವೊಮ್ಮೆ ಬಣ್ಣ ತುಂಬಿ, ಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು ಹಳೆಯ ರೂಢಿ. ಅಂದಕ್ಕಾಗಿ ತೂಗುಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಪುಸ್ತಕದಿಂದ ಹರಿದ ಹಾಳೆ ತನ್ನ ಕಥೆಯನ್ನು ಅಲ್ಲೇ ಬಿಟ್ಟು ಬಂದಿರುತ್ತದೆ.

ನಕ್ಷೆಯ ಕಾಲದಲ್ಲಿ ಕೋಟೆಗೂ ಪೇಟೆಗೂ ನಡುವೆ ಬಯಲಿತ್ತು. ಆ ಬಯಲಲ್ಲೇ 1921ರಲ್ಲಿ ಮಾರುಕಟ್ಟೆ ಎದ್ದಿತು. ಹೂವಿನ ರಾಶಿ, ಕೂಲಿಯವರ ತಳ್ಳಾಟ ದಾಟಿ ಅವೆನ್ಯೂ ರಸ್ತೆಗೆ ಬಂದರೆ ನಕ್ಷೆಗೂ ನೆಲಕ್ಕೂ ತಾಳೆಯಾಗುತ್ತದೆ. ಇದೇ ದೊಡ್ಡಪೇಟೆ. ಚಿಕ್ಕಪೇಟೆ ಇದನ್ನು ಅಡ್ಡಹಾಯುವ ಚೌಕ ಈಗಲೂ ಅಲ್ಲೇ ಇದೆ. ಕಟ್ಟಡಗಳೆಲ್ಲ ಬದಲಾದರೂ ಬೀದಿ ಕದಲಿಲ್ಲ. ಅಂಗಡಿಗೆ ಅಂಗಡಿ ಒತ್ತಿಕೊಂಡಿರುವ ಕಡೆ ಯಾರಿಗೂ ಒಂದಡಿ ಬಿಟ್ಟುಕೊಡಲು ಆಗಿರಲಿಕ್ಕಿಲ್ಲ. ಪೇಟೆಯ ಸುತ್ತಲಿದ್ದ ಕಂದಕ, ಮುಳ್ಳಿನ ಬೇಲಿ ಮಾತ್ರ ಕಾಣೆಯಾಗಿವೆ. ಪೂರ್ವದ ಹೆಬ್ಬಾಗಿಲಿನ ಹೆಸರನ್ನು ಹಲಸೂರು ಗೇಟ್ ಪೊಲೀಸ್ ಠಾಣೆ ಉಳಿಸಿಕೊಂಡಿದೆ.

ಬೆಂಗಳೂರು ಬೆಳೆದ ಬಗೆ ತಿಳಿಯಬೇಕಾದರೆ ಒಂದೇ ನಕ್ಷೆ ಸಾಲದು, ನಂತರದವನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1800ರ ದಶಕದಲ್ಲಿ ಪೂರ್ವಕ್ಕೆ ಬ್ರಿಟಿಷರ ದಂಡು ಬಂದಿತು, ಒಂದು ಊರು ಎರಡಾಯಿತು. ನಡುವೆ ಇದ್ದ ಸಂಪಂಗಿ ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಪೇಟೆಯ ವಾಯವ್ಯಕ್ಕಿದ್ದ ಧರ್ಮಾಂಬುಧಿ ಕೆರೆ ಬತ್ತಿ ಮೈದಾನವಾಗಿ, ಆಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಜೋರು ಮಳೆಯ ದಿನ ಆ ಕಡೆಯ ತಗ್ಗಿನಲ್ಲಿ ನೀರು ನಿಂತು ಬಸ್ಸುಗಳು ಸಾಲುಗಟ್ಟಿದಾಗ ಜನ ಚರಂಡಿಯನ್ನು ಬೈಯುತ್ತಾರೆ, ಕೆರೆಯ ನೆನಪು ಯಾರಿಗೂ ಬರುವುದಿಲ್ಲ.