ಗಾಡಿ ಈಗ ಎಲ್ಲಿದೆ?

ಮುಂಬಯಿ ಪಕ್ಕದ ಠಾಣೆ ನಗರದ ಘೋಡಬಂದರ್ ರಸ್ತೆಯಲ್ಲಿ ಗಾಯ್‌ಮುಖ್ ಘಾಟಿಯ ತಿರುವುಗಳು ಬಂದಾಗ, ಕಾರಿನ ಹಿಂದಿನ ಸೀಟಿನಲ್ಲಿ ಮೊಬೈಲಿಗೆ ಕಣ್ಣು ನೆಟ್ಟು ಕೂತ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಇದೇ ಠಾಣೆಯ ಮಾಲಿನ ಗೇಮ್ ಝೋನಿನಲ್ಲಿ ಅಲುಗಾಡದ ಕುರ್ಚಿಯ ಮೇಲೆ ಕೂತು, ಕಣ್ಣಿಗೆ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಕಟ್ಟಿಕೊಂಡು ರೋಲರ್ ಕೋಸ್ಟರ್ ನೋಡಿದವರಿಗೂ ಹೊಟ್ಟೆ ತೊಳಸುತ್ತದೆ. ಕಾರಿನಲ್ಲಿ ಮೈ ಓಡುತ್ತಿರುತ್ತದೆ, ಕಣ್ಣು ನಿಂತಿರುತ್ತದೆ. ಮಾಲಿನಲ್ಲಿ ಕಣ್ಣು ಓಡುತ್ತದೆ, ಮೈ ನಿಂತಿರುತ್ತದೆ. ಕಣ್ಣು, ಮೈ ಎರಡನ್ನೂ ಒಟ್ಟಿಗೇ ಓಡಿಸಿದರೆ ಏನಾದೀತು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು 2014ರಲ್ಲಿ ನಿಜವಾದ ಹಳಿಯ ಮೇಲೆ ಪರೀಕ್ಷೆಗೆ ಇಳಿದವರು ಜರ್ಮನಿಯ ಒಬ್ಬ ಮೇಷ್ಟ್ರು ಮತ್ತು ಅವರ ವಿದ್ಯಾರ್ಥಿಗಳು.

ಮೇಷ್ಟ್ರ ಹೆಸರು ಥಾಮಸ್ ವಾಗ್ನರ್. ಕೈಸರ್ಸ್‌ಲಾಟರ್ನ್‌ನ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ವರ್ಚುವಲ್ ಡಿಸೈನ್ ಕಲಿಸುವ ಪ್ರೊಫೆಸರ್. ಆ ಹೊತ್ತಿಗೆ ಆಕ್ಯುಲಸ್ ರಿಫ್ಟ್ ಎಂಬ ಅಗ್ಗದ ಹೆಡ್‌ಸೆಟ್ ಹೊಸ ಹುರುಪು ಹುಟ್ಟಿಸಿತ್ತು. 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಎತ್ತಿ ತಯಾರಾದ ಹೆಡ್‌ಸೆಟ್ ಅದು. ಅದನ್ನು ಕೊಂಡವರು ಗೆಳೆಯರಿಗೆ ಮೊದಲು ತೋರಿಸುತ್ತಿದ್ದುದೇ ಕಂಪ್ಯೂಟರಿನೊಳಗಿನ ರೋಲರ್ ಕೋಸ್ಟರ್. ನೋಡಿದವರು ಕುರ್ಚಿಯಲ್ಲೇ ಕಿರುಚುತ್ತಿದ್ದರು, ಆಮೇಲೆ ಬೆವರುತ್ತಿದ್ದರು.

ಆ ಬೆವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಂಗಿಯ ಮಗನನ್ನು ಇಲ್ಲಿನ ಒಂದು ಮಾಲಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ಇಳಿಜಾರಿಗೆ ಅವನು ನಕ್ಕ. ಎರಡನೇ ತಿರುವಿಗೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ. ಮೇಲ್ದುಟಿಯ ಮೇಲೆ ಸಣ್ಣ ಬೆವರ ಹನಿಗಳು ಮೂಡಿದವು, ಮುಖ ಬಿಳಚಿಕೊಂಡಿತು, "ಮಾಮ, ಸಾಕು, ತೆಗೀರಿ ಇದನ್ನ" ಅಂದ. ಹುಡುಗ ಹೆದರಿರಲಿಲ್ಲ. ಅವನ ಒಳಕಿವಿ ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ.

ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. ಅವುಗಳಲ್ಲಿ ತುಂಬಿರುವ ದ್ರವ ತಲೆ ತಿರುಗಿದಾಗ ಒಂದಿಷ್ಟು ಹಿಂದೆ ಉಳಿಯುತ್ತದೆ, ಮೆದುಳಿಗೆ ತಿರುಗಿದ ಸುದ್ದಿ ಮುಟ್ಟುವುದು ಹಾಗೆ. ಮುಂದೆ ನುಗ್ಗಿದ್ದನ್ನೂ ಕೆಳಗೆ ಬಿದ್ದದ್ದನ್ನೂ ತಿಳಿಸಲು ಪುಟ್ಟ ಸುಣ್ಣದ ಹರಳುಗಳಿವೆ. ಕಣ್ಣು 'ಬಿದ್ದೆವು' ಎನ್ನುವಾಗ ಈ ಹರಳುಗಳು 'ಎಲ್ಲಿ ಬಿದ್ದೆವು, ಕೂತಿದ್ದೇವಲ್ಲ' ಎಂದರೆ ಮೆದುಳಿಗೆ ದಿಕ್ಕು ತಪ್ಪುತ್ತದೆ, ಹೊಟ್ಟೆ ಕೆಡುತ್ತದೆ. ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ ಎಂಬ ಸಂಶೋಧಕರು 1975ರಲ್ಲಿ ಬರೆದ ಪುಸ್ತಕದಲ್ಲಿ ಪ್ರಯಾಣದ ವಾಕರಿಕೆಗೆ ಕೊಟ್ಟ ವಿವರಣೆಯ ತಿರುಳು ಇದೇ. ಇಂದ್ರಿಯಗಳು ಕೊಡುವ ಸುದ್ದಿಗಳು ಒಂದಕ್ಕೊಂದು ಹೊಂದದಿದ್ದರೆ ಮೈ ತಾಳಿಕೊಳ್ಳುವುದಿಲ್ಲ.

ಹಾಗಿದ್ದರೆ ಕುರ್ಚಿಯನ್ನೇ ನಿಜವಾಗಿ ಬೀಳಿಸಬೇಕು! ವಾಗ್ನರ್ ಅವರ ತಂಡಕ್ಕೆ ಅಂಥ ಕುರ್ಚಿ ಕೊಟ್ಟವರು ಮಾಕ್ ಮನೆತನದವರು. ವಾಲ್ಡ್‌ಕಿರ್ಖ್ ಎಂಬ ಊರಿನಲ್ಲಿ 1780ರಿಂದ ಗಾಡಿ ಕಟ್ಟಿಕೊಂಡು ಬಂದ ಮನೆತನ ಅದು. ಕುದುರೆ ಸಾರೋಟಿನಿಂದ ಶುರು ಮಾಡಿ ಜಾತ್ರೆಯ ಗಾಡಿಗಳಿಗೆ, ಅಲ್ಲಿಂದ ರೋಲರ್ ಕೋಸ್ಟರಿಗೆ ಬಂದವರು. ತಾವು ಮಾಡಿದ ಸವಾರಿಗಳನ್ನು ಗಿರಾಕಿಗಳಿಗೆ ತೋರಿಸಲೆಂದೇ ರುಸ್ಟ್ ಎಂಬ ಊರಿನಲ್ಲಿ 1975ರಲ್ಲಿ ಯುರೋಪಾ ಪಾರ್ಕ್ ತೆರೆದರು. ಯಂತ್ರ ಕಟ್ಟುವವರೂ ಅವರೇ, ಪಾರ್ಕ್ ನಡೆಸುವವರೂ ಅವರೇ. ಹೊಸ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೇರೆ ಯಾವ ಪಾರ್ಕಿನಲ್ಲಾದರೂ ಮೇಷ್ಟ್ರೊಬ್ಬರು ಬಂದು 'ನಿಮ್ಮ ಗಾಡಿಗೆ ನನ್ನ ಪೆಟ್ಟಿಗೆ ಕಟ್ಟುತ್ತೇನೆ' ಎಂದಿದ್ದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು ಎಂದು ನನಗನ್ನಿಸುತ್ತದೆ.

ಹೆಡ್‌ಸೆಟ್ ಕಟ್ಟಿಕೊಂಡು ಗಾಡಿ ಹತ್ತಿದ ಮೇಲೆ ಎದುರಾದದ್ದು ಯಾವ ಮನೆಯಲ್ಲೂ, ಯಾವ ಲ್ಯಾಬಿನಲ್ಲೂ ಎದುರಾಗದ ಸಮಸ್ಯೆ. ನೀವು ತಲೆ ಎಡಕ್ಕೆ ತಿರುಗಿಸಿದಿರಿ ಎಂಬುದು ಹೆಡ್‌ಸೆಟ್ಟಿಗೆ ಗೊತ್ತಾಗುವುದು ಅದರೊಳಗಿನ ಜೈರೋಸ್ಕೋಪಿನಿಂದ. ಮನೆಯಲ್ಲಿ ಇದು ಸರಿ. ಗಾಡಿಯಲ್ಲಿ ನಿಮ್ಮ ತಲೆ ನೆಟ್ಟಗಿದ್ದರೂ ಹಳಿ ಎಡಕ್ಕೆ ತಿರುಗುತ್ತದೆ, ಅದರ ಜೊತೆ ನೀವೂ ತಿರುಗುತ್ತೀರಿ. ತಿರುಗಿದ್ದು ಕತ್ತೋ ಗಾಡಿಯೋ ಎಂದು ಜೈರೋಸ್ಕೋಪಿಗೆ ತಿಳಿಯುವುದಿಲ್ಲ. ಎರಡೂ ಅದಕ್ಕೆ ಒಂದೇ ಲೆಕ್ಕ.

ಜೈರೋಸ್ಕೋಪಿಗೆ ಇನ್ನೊಂದು ದೌರ್ಬಲ್ಯವಿದೆ. ಅದರ ಲೆಕ್ಕ ಹೊತ್ತು ಹೋದಂತೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಮಾಮೂಲಿಯಾಗಿ ಈ ಜಾರುವಿಕೆಯನ್ನು ಸರಿಪಡಿಸಲು ಎರಡು ಆಸರೆಗಳಿವೆ: ಕೆಳಗೆ ಯಾವ ಕಡೆ ಎಂದು ಹೇಳುವ ವೇಗೋತ್ಕರ್ಷ ಮಾಪಕ, ಉತ್ತರ ಯಾವ ಕಡೆ ಎಂದು ಹೇಳುವ ದಿಕ್ಸೂಚಿ. ರೋಲರ್ ಕೋಸ್ಟರಿನಲ್ಲಿ ಎರಡೂ ಕೈಕೊಡುತ್ತವೆ. ತಿರುವಿನಲ್ಲಿ ಮೈಯನ್ನು ಹೊರಕ್ಕೆ ತಳ್ಳುವ ಬಲವನ್ನೂ ಭೂಮಿಯ ಸೆಳೆತವನ್ನೂ ಬೇರೆ ಮಾಡಲಾಗದೆ ಮಾಪಕ ಮೋಸ ಹೋಗುತ್ತದೆ. ಸುತ್ತ ಉಕ್ಕಿನ ಕಂಬಗಳು, ಮೋಟಾರುಗಳು ಇರುವಲ್ಲಿ ದಿಕ್ಸೂಚಿಯ ಮಾತು ನಂಬುವಂತಿಲ್ಲ. ಕ್ಯಾಮೆರಾ ಇಟ್ಟು ಹೆಡ್‌ಸೆಟ್ಟನ್ನು ಹೊರಗಿನಿಂದ ನೋಡೋಣವೆಂದರೆ ಸವಾರರು ಕ್ಷಣದಲ್ಲಿ ಕ್ಯಾಮೆರಾದ ಕಣ್ಣಿಂದ ದೂರ ಓಡಿರುತ್ತಾರೆ.

ಇದರ ಮೇಲೆ ಸಮಯದ ಸಮಸ್ಯೆ. ಗಾಡಿ ಹೊರಟ ಕ್ಷಣಕ್ಕೆ ಸಿನಿಮಾ ಶುರು ಮಾಡಿದರೆ ಸಾಲದೇ? ಸಾಲದು. ಬೆಳಗಿನ ತಂಪಿನಲ್ಲಿ ಗ್ರೀಸ್ ಗಟ್ಟಿಯಾಗಿರುತ್ತದೆ, ಗಾಡಿ ನಿಧಾನ. ಮಧ್ಯಾಹ್ನ ಚಕ್ರಗಳು ಕಾದ ಮೇಲೆ ಚುರುಕು. ಸೀಟು ತುಂಬಿದ ಗಾಡಿ ಒಂದು ಥರ ಓಡಿದರೆ ಅರ್ಧ ಖಾಲಿ ಗಾಡಿ ಇನ್ನೊಂದು ಥರ ಓಡುತ್ತದೆ. ಗಂಟೆಗೆ 45 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಹನ್ನೆರಡೂವರೆ ಮೀಟರ್ ದಾಟುತ್ತದೆ. ಚಿತ್ರ ಒಂದು ಸೆಕೆಂಡ್ ಹಿಂದೆ ಬಿದ್ದರೆ ಮೈ ತಿರುವಿನಲ್ಲಿರುತ್ತದೆ, ಕಣ್ಣು ಇನ್ನೂ ನೇರ ಹಳಿಯ ಮೇಲಿರುತ್ತದೆ. ಮಾಲಿನ ಕುರ್ಚಿಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ, ಇನ್ನಷ್ಟು ಜೋರಾಗಿ. ತಲೆ ತಿರುಗಿಸಿದಾಗ ಚಿತ್ರ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗಬಾರದು ಎಂಬುದು ವಿಆರ್ ಕೆಲಸದವರು ಒಪ್ಪಿಕೊಂಡ ಮಿತಿ. ಹಾಗಿರುವಾಗ ಸೆಕೆಂಡುಗಟ್ಟಲೆ ತಪ್ಪಿಗೆ ಜಾಗವೆಲ್ಲಿ?

ವಾಗ್ನರ್ ತಂಡ ಹುಡುಕಿಕೊಂಡ ದಾರಿಯ ಗುಟ್ಟು ಹೆಡ್‌ಸೆಟ್ಟಿನಲ್ಲಿ ಇರಲಿಲ್ಲ, ಗಾಡಿಯ ಚಕ್ರದಲ್ಲಿತ್ತು. ಬಸ್ಸು ಎಲ್ಲಿಗೆ ಬೇಕಾದರೂ ತಿರುಗಬಹುದು, ಹಳಿಯ ಮೇಲಿನ ಗಾಡಿ ಹಳಿ ಬಿಟ್ಟು ಎಲ್ಲಿಗೂ ಹೋಗದು. ಹಳಿಯ ಪ್ರತಿ ತಿರುವು, ಪ್ರತಿ ಓರೆ ಕಾರ್ಖಾನೆಯ ನಕ್ಷೆಯಲ್ಲಿ ಮೊದಲೇ ಇದೆ. ಆದ್ದರಿಂದ ಗಾಡಿ ಈಗ ಹಳಿಯ ಯಾವ ಜಾಗದಲ್ಲಿದೆ ಎಂಬ ಒಂದೇ ಸಂಗತಿ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಚಕ್ರದ ಸುತ್ತುಗಳನ್ನು ಎಣಿಸುವ ಸೆನ್ಸರು, ಅದಕ್ಕೆ ಜೋಡಿಸಿದ ಒಂದು ಪುಟ್ಟ ಪೆಟ್ಟಿಗೆ. ಆ ಪೆಟ್ಟಿಗೆ ಗಾಡಿಯ ಜಾಗವನ್ನು ಲೆಕ್ಕ ಹಾಕಿ ಎಲ್ಲ ಹೆಡ್‌ಸೆಟ್ಟುಗಳಿಗೂ ವೈರ್‌ಲೆಸ್ಸಿನಲ್ಲಿ ಕಳಿಸುತ್ತಲೇ ಇರುತ್ತದೆ. ಜೈರೋಸ್ಕೋಪ್ ಹೇಳಿದ ಒಟ್ಟು ತಿರುಗುವಿಕೆಯಿಂದ ಆ ಜಾಗದಲ್ಲಿ ಹಳಿ ತಿರುಗಿದಷ್ಟನ್ನು ಕಳೆದರೆ ಉಳಿಯುವುದು ಸವಾರನ ಕತ್ತಿನ ತಿರುವು. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಕಳೆಯುವ ಲೆಕ್ಕ.

ಹೀಗೆ ಜೋಡಿಸಿದ ಮೇಲೆ ವಾಕರಿಕೆ ತಗ್ಗಿತು. ಒಂದೇ ಕೋಸ್ಟರನ್ನು ಕುರ್ಚಿಯಲ್ಲಿ ಕೂತು ನೋಡಿದಾಗ ತಲೆಸುತ್ತು ಬಂದವರು ಅದನ್ನು ನಿಜವಾದ ಹಳಿಯ ಮೇಲೆ ಓಡುತ್ತ ನೋಡಿದಾಗ ಹಾಯಾಗಿದ್ದರು. ಅಲ್ಲಿಗೇ ನಿಲ್ಲದೆ ಇನ್ನೊಂದು ಬಾಗಿಲು ತೆರೆಯಿತು: ಚಿತ್ರದ ಹಳಿ ನಿಜವಾದ ಹಳಿಯ ಪಡಿಯಚ್ಚಾಗಿರಬೇಕಿಲ್ಲ. ತಿರುವಿಗೆ ತಿರುವು, ಇಳಿಜಾರಿಗೆ ಇಳಿಜಾರು ಸರಿಯಾದ ಹೊತ್ತಿಗೆ ಬಂದರೆ, ನಿಜದ ಸಣ್ಣ ಇಳಿಜಾರನ್ನು ಕಣ್ಣಿಗೆ ದೊಡ್ಡ ಪ್ರಪಾತವಾಗಿ ತೋರಿಸಬಹುದು, ಒಳಕಿವಿ ಅಷ್ಟನ್ನು ಒಪ್ಪಿಕೊಳ್ಳುತ್ತದೆ. ಮಕ್ಕಳ ಗಾಡಿಯೂ ಮೋಡದೊಳಗೆ ಹಾರುವ ಗಾಡಿಯಾಗಬಹುದು.

2015ರ ಸೆಪ್ಟೆಂಬರಿನಲ್ಲಿ ಯುರೋಪಾ ಪಾರ್ಕಿನ ಆಲ್ಪೆನ್‌ಎಕ್ಸ್‌ಪ್ರೆಸ್ ಸವಾರಿಯಲ್ಲಿ ಹೆಡ್‌ಸೆಟ್ಟುಗಳು ಸಾರ್ವಜನಿಕರಿಗೆ ಸಿಕ್ಕವು. 1984ರ ಹಳೆಯ ಗಾಡಿ ಅದು, ಮೋಟಾರಿನಿಂದ ಓಡುವಂಥದ್ದು, ಮನೆಮಂದಿಯೆಲ್ಲ ಕೂರುವಂಥದ್ದು. ಹೆಡ್‌ಸೆಟ್ ಸ್ಯಾಮ್‌ಸಂಗಿನ ಗೇರ್ ವಿಆರ್, ಅಂದರೆ ಫೋನನ್ನೇ ಮುಂದೆ ಸಿಕ್ಕಿಸಿಕೊಳ್ಳುವ ಕನ್ನಡಕ. ಕಂಪ್ಯೂಟರಿಗೆ ವೈರು ಎಳೆಯುವ ಗೋಜಿಲ್ಲ. ಫೋನಿನೊಳಗೇ ಇಡೀ ಲೋಕ ಹಿಡಿಸುವ ಕಾಲ ಬಂದಿರದಿದ್ದರೆ ಈ ಕೆಲಸ ಅಷ್ಟು ಬೇಗ ಕೈಗೂಡುತ್ತಿರಲಿಲ್ಲ.

ಮರುವರ್ಷ ಎಲ್ಲ ಕಡೆ ಇದೇ ಗಾಳಿ. ಇಂಗ್ಲೆಂಡಿನ ಆಲ್ಟನ್ ಟವರ್ಸ್ 2002ರ ತನ್ನ ಹಾರುವ ಕೋಸ್ಟರಿಗೆ ಗ್ಯಾಲಕ್ಟಿಕಾ ಎಂಬ ಹೊಸ ಹೆಸರಿಟ್ಟು ಹೆಡ್‌ಸೆಟ್ ಕೊಟ್ಟಿತು. ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಸ್ಯಾಮ್‌ಸಂಗ್ ಜೊತೆ ಸೇರಿ ಹಲವು ಪಾರ್ಕುಗಳಲ್ಲಿ ಶುರು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 1976ರ ರೆವಲ್ಯೂಷನ್ ಕೋಸ್ಟರಿಗೂ ಹೆಡ್‌ಸೆಟ್ ಬಂತು. ಆದರೆ ಕೆಲವೇ ವರ್ಷಗಳಲ್ಲಿ ಗ್ಯಾಲಕ್ಟಿಕಾ ಸೇರಿದಂತೆ ಎಷ್ಟೋ ಸವಾರಿಗಳು ಹೆಡ್‌ಸೆಟ್ ತೆಗೆದು ಮತ್ತೆ ಬರಿಗಣ್ಣಿಗೆ ಮರಳಿದವು.

ಕಾರಣ ಹಳಿಯ ಮೇಲೆ ಇರಲಿಲ್ಲ, ಪ್ಲಾಟ್‌ಫಾರ್ಮಿನಲ್ಲಿತ್ತು. 24 ಸೀಟಿನ ಗಾಡಿ ಒಂದೂವರೆ ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 960 ಜನ ಸವಾರಿ ಮಾಡುತ್ತಾರೆ. ಪ್ರತಿಯೊಬ್ಬರ ಹೆಡ್‌ಸೆಟ್ ಒರೆಸಿ, ಪಟ್ಟಿ ಬಿಗಿದು, ಕನ್ನಡಕದವರಿಗೆ ಹೊಂದಿಸಿ, ಎಲ್ಲರೂ ನೇರ ನೋಡುತ್ತಿರುವಾಗ ಚಿತ್ರವನ್ನು ಮುಂದಕ್ಕೆ ಸರಿ ಮಾಡಿ ಹೊರಡಿಸಲು ನಾಲ್ಕು ನಿಮಿಷ ಹಿಡಿದರೆ ಅದೇ ಗಾಡಿಗೆ ಗಂಟೆಗೆ 360 ಜನ. ಸಾಲಿನಲ್ಲಿ ನಿಂತವರ ಕಾಯುವಿಕೆ ಎರಡೂವರೆ ಪಟ್ಟಿಗೂ ಹೆಚ್ಚು. ನಡುವೆ ಫೋನು ಬಿಸಿಯಾಗಿ ನಿಂತರೆ, ಬ್ಯಾಟರಿ ಇಳಿದರೆ, ಬದಲಿಸಲು ಮತ್ತೊಂದು ನಿಮಿಷ. ಫೋನ್ ಸೇರಿ ಅರ್ಧ ಕಿಲೋ ಹತ್ತಿರದ ಹೆಡ್‌ಸೆಟ್ ಮೂರು ಪಟ್ಟು ಗುರುತ್ವದ ತಿರುವಿನಲ್ಲಿ ಒಂದೂವರೆ ಕಿಲೋ ಭಾರವಾಗಿ ಕತ್ತಿಗೆ ಜೋತುಬೀಳುತ್ತದೆ. ಹಾರಿ ಬೀಳದಂತೆ ಗಲ್ಲದ ಪಟ್ಟಿ ಬೇಕೇ ಬೇಕು. ಗಾಡಿ ನಡುದಾರಿಯಲ್ಲಿ ಬ್ರೇಕ್ ಹಾಕಿ ನಿಂತರೆ ಏನೂ ಕಾಣದೆ ಕೂತವರಿಗೆ ಏನು ತೋರಿಸಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು.

ಈ ಒರೆಸುವ, ಕಟ್ಟುವ ತೊಂದರೆ ಹೊಸದಲ್ಲ. 1994ರಲ್ಲಿ ಡಿಸ್ನಿಯವರು ಫ್ಲೋರಿಡಾದ ಎಪ್ಕಾಟ್‌ನಲ್ಲಿ ಅಲ್ಲಾದೀನನ ಜಮಖಾನೆಯ ಮೇಲೆ ಹಾರುವ ವಿಆರ್ ಆಟ ಇಟ್ಟಿದ್ದರು. ಹದಿನಾಲ್ಕು ತಿಂಗಳಲ್ಲಿ 45,000ಕ್ಕೂ ಹೆಚ್ಚು ಜನರನ್ನು ಗಮನಿಸಿ, ರ‍್ಯಾಂಡಿ ಪೌಶ್ ಮತ್ತು ಸಂಗಡಿಗರು 1996ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಅವರು ಹೆಡ್‌ಸೆಟ್ಟನ್ನು ಎರಡು ತುಂಡು ಮಾಡಿದ್ದರು. ತಲೆಗೆ ಬಿಗಿಯಾಗಿ ಕೂರುವ ಒಳಟೊಪ್ಪಿ ಒಂದು, ಅದಕ್ಕೆ ಸಿಕ್ಕಿಸುವ ಪರದೆ ಇನ್ನೊಂದು. ಟೊಪ್ಪಿಯನ್ನು ಬೇರೆಯಾಗಿ ತೊಳೆಯಬಹುದು, ದುಬಾರಿ ಪರದೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಸಲೀಸಾಗಿ ಹೋಗುತ್ತದೆ. ಜನ ಹೇಳದಿದ್ದರೆ ತಲೆ ತಿರುಗಿಸಿ ನೋಡುವುದೇ ಇಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಇಪ್ಪತ್ತು ವರ್ಷದ ಮೇಲೆ ಬಂದ ಎಷ್ಟೋ ಪಾರ್ಕುಗಳು ಈ ಲೇಖನವನ್ನು ಗಮನವಿಟ್ಟು ಓದಬೇಕಿತ್ತು.

ಯುರೋಪಾ ಪಾರ್ಕ್ 2018ರಲ್ಲಿ ಯುರೋಸ್ಯಾಟ್ ಕೋಸ್ಟರನ್ನು ಹೊಸದಾಗಿ ಕಟ್ಟಿದಾಗ ಗಂಟನ್ನು ಬೇರೆ ಕಡೆಯಿಂದ ಬಿಡಿಸಿತು. ಹೆಡ್‌ಸೆಟ್ಟಿನವರಿಗೆ ಪ್ರತ್ಯೇಕ ನಿಲ್ದಾಣ. ಗಾಡಿ ಹತ್ತುವ ಮೊದಲೇ ಒಂದು ಕೋಣೆಯಲ್ಲಿ ಹೆಡ್‌ಸೆಟ್ ಕಟ್ಟಿಕೊಳ್ಳಬೇಕು, ಕಟ್ಟಿಕೊಂಡೇ ಚಿತ್ರದ ಲೋಕದೊಳಗೆ ನಡೆಯುತ್ತ ಹೋಗಿ ಸೀಟಿನಲ್ಲಿ ಕೂರಬೇಕು. ಪಟ್ಟಿ ಬಿಗಿಯುವ ಹೊತ್ತು ಗಾಡಿಯ ಹೊತ್ತನ್ನು ತಿನ್ನುವುದಿಲ್ಲ.

ಗಾಡಿಯ ತಿರುಗುವಿಕೆಯನ್ನು ಕಳೆಯುವ ಈ ಲೆಕ್ಕ ಹಳಿ ಇಲ್ಲದ ಕಡೆಯೂ ಬೆಳೆಯುತ್ತಿದೆ. ಮೆಟಾ ಕಂಪನಿ ಬಿಎಂಡಬ್ಲ್ಯೂ ಜೊತೆ ಸೇರಿ, ಕಾರಿನ ಸೆನ್ಸರುಗಳ ಸುದ್ದಿಯನ್ನು ಹೆಡ್‌ಸೆಟ್ಟಿಗೆ ಕೊಟ್ಟು ಪ್ರಯೋಗ ಮಾಡಿದೆ. 2024ರಲ್ಲಿ ಆಪಲ್ ಮತ್ತು ಮೆಟಾ ಹೆಡ್‌ಸೆಟ್ಟುಗಳಲ್ಲಿ ವಿಮಾನದಲ್ಲಿ ಕೂತು ನೋಡುವವರಿಗೆಂದೇ ಟ್ರಾವೆಲ್ ಮೋಡ್ ಬಂತು.

ನಮ್ಮ ಘೋಡಬಂದರ್ ರಸ್ತೆಯಲ್ಲಿ ಯೇವೂರು ಗುಡ್ಡದ ಬುಡಕ್ಕೆ ಟಿಕುಜಿನಿ ವಾಡಿ ಇದೆ, ವಾಘ್‌ಬಿಲ್ ಕಡೆ ಸೂರಜ್ ವಾಟರ್ ಪಾರ್ಕ್ ಇದೆ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮಕ್ಕಳಿಗೆಲ್ಲ ಈ ರಸ್ತೆಯ ಪಿಕ್ನಿಕ್ ಗೊತ್ತು. ಇಂಥ ಊರಿನ ಪಾರ್ಕೊಂದು ಚಿಕ್ಕ ಕೋಸ್ಟರಿಗೆ ಹೆಡ್‌ಸೆಟ್ ಹಾಕಲು ಹೊರಟರೆ ದೊಡ್ಡ ಹಳಿ ಕಟ್ಟುವ ಖರ್ಚಿಲ್ಲದೆ ದೊಡ್ಡ ಸವಾರಿ ಕೊಡಬಹುದು, ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಆಸೆ. ಆದರೆ ಮೊದಲ ದುಡ್ಡು ಹೋಗಬೇಕಾದದ್ದು ಹೆಡ್‌ಸೆಟ್ಟಿಗಲ್ಲ, ಚಕ್ರದ ಸೆನ್ಸರಿಗೆ. ಎರಡನೆಯದು, ಪ್ಲಾಟ್‌ಫಾರ್ಮಿನ ಪಕ್ಕ ಏಸಿ ಇರುವ ಒಂದು ಕೋಣೆಗೆ. ಇಲ್ಲಿನ ಸೆಕೆಗೆ ಫೋನೂ ಕಾಯುತ್ತದೆ, ಬೆವರಿನ ಹಬೆಗೆ ಲೆನ್ಸೂ ಮಂಜಾಗುತ್ತದೆ. ಹೆಡ್‌ಸೆಟ್ ಹಿಂದಿನ ಎರಡು ಬೋಗಿಗೆ ಮಾತ್ರ ಇರಲಿ, ಅದಕ್ಕೆ ಬೇರೆ ಸಾಲು, ಬೇರೆ ಟಿಕೆಟ್ ಇರಲಿ. ಶಾಲೆಯ ಬಸ್ಸುಗಳು ಸಾಲಾಗಿ ಬಂದು ನಿಲ್ಲುವ ಪಿಕ್ನಿಕ್ ದಿನಗಳಲ್ಲಿ ಆ ಎರಡು ಬೋಗಿಗಳನ್ನೂ ಬರಿಗಣ್ಣಿನ ಮಕ್ಕಳಿಗೇ ಬಿಟ್ಟುಕೊಡಲಿ.