ಕೊಡೆಗೊಂದು ಕೊಡೆ

ಹೆಗ್ಗಡದೇವನಕೋಟೆ ಕಡೆಯ ತಂಬಾಕು ಬ್ಯಾರನ್ ಪಕ್ಕದಲ್ಲಿ, ಸೌದೆ ರಾಶಿಗೆ ಹೊದಿಸಿದ ಹಳೆಯ ಟಾರ್ಪಲ್ ಎಳೆದು ನೋಡಿ. ಬಿಸಿಲು ಕಂಡ ಭಾಗ ಹಪ್ಪಳದಂತೆ ಮುರಿದು ಕೈಗೆಲ್ಲ ನೀಲಿ ಪುಡಿ. ಕಲ್ಲಿನಡಿ ಮಡಚಿಟ್ಟ ಅಂಚು ಮಾತ್ರ ಇನ್ನೂ ಗಟ್ಟಿ. ಅಂಗಡಿಯವರು ‘ಯುವಿ ಹಾಕಿದ ಮಾಲು’, ಎಂದರೆ ನೇರಳಾತೀತ ಬೆಳಕು ತಡೆಯುವ ರಕ್ಷಕ ಬೆರೆಸಿದ್ದು, ಎಂದೇ ಕೊಟ್ಟಿದ್ದರು. ಹಾಕಿದ್ದು ಎಲ್ಲಿ ಹೋಯಿತು?

ಇದರ ಉತ್ತರದ ಮೊದಲ ಎಳೆ ಸಿಕ್ಕಿದ್ದು ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ. ಮಂಡಿನೋವಿನ ಮುಲಾಮು ಹಚ್ಚಿದಾಗ ಮೂಗಿಗೆ ಬಡಿಯುತ್ತದಲ್ಲ, ಆ ಘಾಟಿನ ಎಣ್ಣೆ. 1950ರ ದಶಕದ ನಡುವೆ ಜರ್ಮನಿಯ ಆಲ್ಬರ್ಟ್ ವೆಲ್ಲರ್ ಅದು ನೇರಳಾತೀತ ಬೆಳಕು ಹೀರಿ ಏನನ್ನು ಹೊರಬಿಡುತ್ತದೆಂದು ಪರೀಕ್ಷಿಸುತ್ತಿದ್ದರು. ಸಾಮಾನ್ಯವಾಗಿ ಹೀರಿದ್ದಕ್ಕೂ ಬಿಟ್ಟದ್ದಕ್ಕೂ ತರಂಗಾಂತರದಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ. ಇಲ್ಲಿ ಮಾತ್ರ ಬಲುದೂರದ ನೀಲಿ ಬೆಳಕೂ ಬಂತು. ಅಣುವಿನೊಳಗಿನ ಹೈಡ್ರೋಜನ್ ಒಂದು ಆಮ್ಲಜನಕದಿಂದ ಪಕ್ಕದ್ದಕ್ಕೆ ಜಿಗಿದಿರಬೇಕು ಎಂದು ವೆಲ್ಲರ್ ಲೆಕ್ಕ ಹಾಕಿದರು.

ಪ್ಲಾಸ್ಟಿಕ್ಕಿಗೆ ಬೆರೆಸುವ ಬೆಂಜೋಟ್ರಯಜೋಲ್‌ನಂಥ ರಕ್ಷಕಗಳು ಬದುಕುವುದೂ ಇದೇ ಜಿಗಿತದಿಂದ. ಬಿಸಿಲು ಬಿದ್ದೊಡನೆ ಹೈಡ್ರೋಜನ್ ಅತ್ತ ಹಾರುತ್ತದೆ, ಬಂದ ಶಕ್ತಿ ಬರೀ ಕಾವಾಗಿ ಕರಗುತ್ತದೆ, ಹೈಡ್ರೋಜನ್ ಮರಳಿ ಇತ್ತ ಬರುತ್ತದೆ. ಸೆಕೆಂಡಿನ ಕೋಟಿ ಪಾಲಿಗೂ ಕಡಿಮೆ ಹೊತ್ತಿನಲ್ಲಿ ಎಲ್ಲ ಮುಗಿದು ಅಣು ಮೊದಲಿನಂತೆ. ಕಾಗದದ ಮೇಲೆ ಇದು ಸವೆಯದ ಕೊಡೆ.

ಸವೆಯುತ್ತದೆ ಎಂಬುದನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೇಮ್ಸ್ ಪಿಕೆಟ್ ಮುಖ್ಯರು. 1993ರಲ್ಲಿ ಅವರು ಮೂರ್ ಎಂಬ ಸಂಶೋಧಕರ ಜೊತೆ ಪ್ರಕಟಿಸಿದ ಕೆಲಸದಲ್ಲಿ, ರಕ್ಷಕ ಎಷ್ಟು ಬೇಗ ಹಾಳಾಗುತ್ತದೆಂಬುದು ಅದು ಕೂತಿರುವ ಪ್ಲಾಸ್ಟಿಕ್ಕನ್ನೂ ಅವಲಂಬಿಸಿತ್ತು. ಸುತ್ತಲಿನ ಅಣುಗಳು ಆ ಹೈಡ್ರೋಜನ್ನನ್ನು ತಮ್ಮತ್ತ ಸೆಳೆದುಕೊಂಡರೆ ಜಿಗಿತ ತಪ್ಪುತ್ತದೆ. ಕಾವಾಗಿ ಹೋಗಬೇಕಿದ್ದ ಶಕ್ತಿ ಒಳಗೇ ಉಳಿದು ಅಣುವನ್ನು ಒಡೆಯುತ್ತದೆ. ಲಕ್ಷಾಂತರ ಜಿಗಿತಕ್ಕೊಂದು ತಪ್ಪಿದರೂ ಸಾಕು, ನಮ್ಮ ಬಿಸಿಲಿಗೆ ದಿನಗಳ ಕೊರತೆಯೇ? ದಟ್ಟವಾಗಿ ಬೆರೆಸಿದಾಗ ನಷ್ಟ ದಿನಗೂಲಿಯಂತೆ ಒಂದೇ ಸಮನೆ ಸಾಗುತ್ತದೆ. ಮೇಲಿನ ಅಣುಗಳು ಕೆಳಗಿನವಕ್ಕೆ ನೆರಳು. ಮೇಲಿನವು ತೀರಿದಂತೆ ಕೆಳಗಿನವುಗಳ ಸರದಿ.

ಟಾರ್ಪಲ್, ಪಾಲಿಹೌಸ್ ಹಾಳೆಗಳು ತೆಳು. ಸಾಲಾಗಿ ನೆರಳಾಗಲು ಅಲ್ಲಿ ಆಳವೇ ಇಲ್ಲ. ಅದಕ್ಕೇ ಅಮೈನ್ ಜಾತಿಯ ಇನ್ನೊಂದು ರಕ್ಷಕವನ್ನೂ ಬೆರೆಸುವುದುಂಟು. ಆದರೆ ಬೆಳೆಗೆ ಹೊಡೆಯುವ ಗಂಧಕದ ಸಿಂಪಡಣೆ ಆ ರಕ್ಷಕಕ್ಕೆ ಹಗೆ.

ಮಡಚಿಟ್ಟ ಅಂಚನ್ನು ಕಾಪಾಡಿದ್ದು ಕಲ್ಲಿನ ನೆರಳು. ಟಾರ್ಪಲ್ ಮೇಲೆ ನಾಲ್ಕು ತೆಂಗಿನ ಗರಿ ಎಳೆದರೆ ಕೊಡೆಗೂ ಒಂದು ಕೊಡೆ ಹಿಡಿದಂತೆ.